ಮೂರು ನಳಿಗೆಯ ಬಂದೂಕಿನ ಉಸ್ತಾದರು

ಕಳೆದ ತಿಂಗಳು ಕಲಬುರಗಿಯ ಮೋಮಿನಪುರದಲ್ಲಿ ಉಸ್ತಾದರು ತೀರಿಕೊಂಡಾಗ, ಅವರ ಮನೆಯ ಮುಂದಿನ ಗಲ್ಲಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ದುಃಖಪಟ್ಟವನು ಕಮಲಾಪುರದ ಸಾಹುಕಾರ. ಬಿಳಿ ಕಾರಿನಿಂದ ಇಳಿದ, ಕರವಸ್ತ್ರದಿಂದ ಮೂಗು ಒರೆಸಿಕೊಂಡ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರಿಗೆಲ್ಲ ಕೇಳುವ ಹಾಗೆ, "ನನ್ನ ರೈಫಲ್ ಇವರೇ ಮಾಡಿಕೊಟ್ಟಿದ್ದು ನೋಡ್ರಿ. ಅಂಥಾ ಕೈ ಇನ್ನ ಹುಟ್ಟಂಗಿಲ್ಲ" ಎಂದ. ಮಗ್ಗುಲಲ್ಲಿದ್ದವರು ಹೌದೌದು ಎಂದು ತಲೆಯಾಡಿಸಿದರು. ನಾನು ಎದ್ದು ಹೊರಗೆ ಬಂದೆ. ಸಾವಿನ ಮನೆಯ ಮುಂದೆ ಒಬ್ಬನ ಕಾಲರ್ ಹಿಡಿಯುವ ವಯಸ್ಸು ನನ್ನದಲ್ಲ. ಆದರೆ ಬರೆಯುವ ಕೈ ಇನ್ನೂ ಗಟ್ಟಿಯಾಗಿದೆ. ಆ ಮಾತನ್ನು ಅವನು ಉಸ್ತಾದರು ಬದುಕಿದ್ದಾಗ ಒಂದೇ ಒಂದು ಸಲ ಆಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವನನ್ನು ಏಕವಚನದಲ್ಲಿ ಬರೆಯುತ್ತಿರುವುದು ಬೇಕೆಂದೇ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಬಂದೂಕಿನ ಲೈಸೆನ್ಸುಗಳ ಕಡತ ನೋಡಿಕೊಳ್ಳುತ್ತಿದ್ದ ಗುಮಾಸ್ತ. ಉಸ್ತಾದರು ಬಂದೂಕು ಮಾಡುವ, ರಿಪೇರಿ ಮಾಡುವ ಲೈಸೆನ್ಸು ಇದ್ದ ಕಾರೀಗರ. ಅಪ್ಪನಿಂದ ಬಂದ ಕಸುಬು. ವರ್ಷಕ್ಕೊಮ್ಮೆ ಅವರ ಅಂಗಡಿಗೆ ಹೋಗಿ ದಾಖಲೆ ತಪಾಸಣೆ ಮಾಡುವುದು ನನ್ನ ಕೆಲಸ. ಹತ್ತು ನಿಮಿಷದ ಕೆಲಸಕ್ಕೆ ಹೋಗಿ ಇಡೀ ಮಧ್ಯಾಹ್ನ ಕೂತು ಬರುತ್ತಿದ್ದೆ. ಆಮೇಲಾಮೇಲೆ ತಪಾಸಣೆಯ ನೆಪವೂ ಬೇಕಾಗಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ನನ್ನ ಮನೆಯಿಂದ ಭಾನುವಾರ ಸ್ಕೂಟರ್ ಹತ್ತಿದರೆ ಅದು ತಾನಾಗಿಯೇ ಮೋಮಿನಪುರದ ಕಡೆ ತಿರುಗುತ್ತಿತ್ತು.

ಬಂದೂಕನ್ನು ನೋಡುವ ಮೊದಲು ಅವರು ಅದನ್ನು ಮೂಸುತ್ತಿದ್ದರು. ಕಣ್ಣು ಮುಚ್ಚಿ, ಬಂದೂಕಿನ ತೆರೆದ ಬಾಯಿಯ ಹತ್ತಿರ ಮೂಗು ಒಯ್ದು, "ಖೊಬ್ರಿ ಎಣ್ಣಿ ಹಾಕ್ಯಾರ, ಹುಚ್ಚರು" ಎಂದೋ, "ಇದು ಎರಡು ವರ್ಷ ಪೆಟ್ಟಿಗಿಯಾಗ ಮಲಗ್ಯದ" ಎಂದೋ ಹೇಳುವರು. ಒಂದು ದಿನವೂ ತಪ್ಪಿದ್ದು ನಾನು ಕಂಡಿಲ್ಲ. ಅಂಗಡಿಯಲ್ಲಿ ಖಾಲಿ ಬಂದೂಕನ್ನು ಕೂಡ ಯಾರ ಕಡೆಗೂ ತಿರುಗಿಸಲು ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬ ದೊಡ್ಡ ಅಧಿಕಾರಿ ತಮಾಷೆಗೆಂದು ನನ್ನ ಕಡೆ ಗುರಿ ಇಟ್ಟ. ಉಸ್ತಾದರು ಎದ್ದು ಬಂದೂಕು ಕಸಿದುಕೊಂಡು, ರಿಪೇರಿ ಮಾಡದೆ ಅವನ ಕೈಗೆ ವಾಪಸು ಕೊಟ್ಟು, ಬಾಗಿಲು ತೋರಿಸಿದರು.

ಸಿಟ್ಟನ್ನು ಅವರು ಉಪ್ಪಿನಕಾಯಿಯ ಹಾಗೆ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ಗಲ್ಲಿಯ ಮೂಲೆಯ ಹೋಟೆಲಿನವನು ಯಾವಾಗಲೋ ಒಡೆದ ಕಪ್ಪಿನಲ್ಲಿ ಚಹಾ ಕೊಟ್ಟಿದ್ದನಂತೆ. ಅಂದಿನಿಂದ ಅವನ ಮುಂದೆಯೇ ಹಾದು, ಮುಂದಿನ ರಸ್ತೆಯ ಹೋಟೆಲಿನಿಂದ ಚಹಾ ತರಿಸುತ್ತಿದ್ದರು. ಆ ಮನುಷ್ಯ ಸತ್ತು ಅವನ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೇಲೂ ಹಾಗೆಯೇ. "ಬಿಟ್ಟುಬಿಡ್ರಿ ಉಸ್ತಾದರ, ಹಳೇ ಮಾತು" ಎಂದರೆ, "ಮಾಫ್ ಮಾಡೂದು ದೊಡ್ಡ ಮಂದಿ ಕೆಲಸ ರಾಯರ. ನಾ ಸಣ್ಣ ಮನುಷ್ಯ" ಎಂದು ಮುಗುಳ್ನಗುವರು. ಆ ಗುಣಕ್ಕೆ ಆಗ ನಾನು ನಗುತ್ತಿದ್ದೆ.

ಕಮಲಾಪುರದ ಸಾಹುಕಾರನಿಗೆ ಬಾಳೆತೋಟವಿತ್ತು, ತೋಟಕ್ಕೆ ಹಂದಿಯ ಕಾಟವಿತ್ತು, ಲೈಸೆನ್ಸು ಇತ್ತು. ಇದರ ಜೊತೆಗೆ ಕಲಬುರಗಿಯ ರೈಫಲ್ ಕ್ಲಬ್ಬೊಂದರಲ್ಲಿ ಮೆರೆಯಬೇಕೆಂಬ ಆಸೆಯೂ ಇತ್ತು. ಅವನು ಉಸ್ತಾದರ ಬಳಿ ಬಂದು ಕೇಳಿದ್ದು ವಿಚಿತ್ರವಾದ ಒಂದು ಬಂದೂಕು: ಒಂದು ಸಲಕ್ಕೆ ಒಂದೇ ಗುಂಡು ಹಾರಬೇಕು, ಮರದ ಹಿಡಿ ಮತ್ತು ಒಡಲು ಒಂದೇ, ಆದರೆ ನಳಿಗೆ ಮೂರು. ಕ್ಲಬ್ಬಿನ ಗುರಿ ಅಭ್ಯಾಸಕ್ಕೆ ಸಣ್ಣದು, ತೋಟಕ್ಕೆ ದಪ್ಪದ್ದು, ನಡುವೆ ಇನ್ನೊಂದು. ಬೇಕಾದಾಗ ಬೇಕಾದ್ದನ್ನು ಬಿಚ್ಚಿ ಜೋಡಿಸಿಕೊಳ್ಳಬೇಕು.

ನಮ್ಮ ಕಚೇರಿಯಲ್ಲಿ ಈ ಅರ್ಜಿ ಎಂಟು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿತು. ಇದು ಒಂದು ಬಂದೂಕೋ ಮೂರು ಬಂದೂಕೋ ಎಂದು ಯಾರಿಗೂ ಹೇಳಲಾಗಲಿಲ್ಲ. ಕೊನೆಗೆ ಸಾಹೇಬರು ಉಸ್ತಾದರನ್ನೇ ಕರೆಸಿದರು. ಅವರು ನಿಂತುಕೊಂಡೇ ಹೇಳಿದರು, "ಒಬ್ಬ ಮನುಷ್ಯಗ ಮೂರು ಅಂಗಿ ಇದ್ರ ಅವ ಮೂರು ಮಂದಿ ಆಗ್ತಾನೇನ್ರಿ ಸಾಹೇಬ್ರ?" ಸಾಹೇಬರು ನಕ್ಕು ಸಹಿ ಹಾಕಿದರು.

ನಳಿಗೆಯ ಉಕ್ಕು ಹೊರಗಿನಿಂದ ಬಂತು, ಉಳಿದದ್ದೆಲ್ಲ ಅವರ ಕೈಯದು. ಮೂರು ನಳಿಗೆಗಳ ಬುಡವನ್ನು ಒಂದೇ ಒಡಲಿಗೆ ಕೂಡಿಸುವುದು ಹೇಗೆಂದು ನಾನು ಅಲ್ಲೇ ಕೂತು ನೋಡಿದ್ದೇನೆ. ಬುಡವನ್ನು ಚಿಮಣಿ ದೀಪದ ಮೇಲೆ ಹಿಡಿದು ಮಸಿ ಹಿಡಿಸುವರು. ಒಡಲಿಗೆ ಸೇರಿಸಿ ಹೊರಗೆ ತೆಗೆಯುವರು. ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ ಎಂದು ಅರ್ಥ. ಅಲ್ಲಿಗೆ ಉಕ್ಕು ಉಜ್ಜುವ ಅರ ಒಂದು ಸಲ, ಒಂದೇ ಸಲ, ಆಡಿಸುವರು. ಮತ್ತೆ ದೀಪ, ಮತ್ತೆ ಮಸಿ. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಹೋಯಿತು. ಅವರ ಮೂಗಿನ ಹೊಳ್ಳೆಗಳು ಆ ವರ್ಷವೆಲ್ಲ ಕಪ್ಪಗಿದ್ದವು.

ಮುಗಿದ ದಿನ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಹಿಂದೆ ಒಂದೊಂದೇ ನಳಿಗೆ ಜೋಡಿಸಿ, "ಈಗ ಯಾವುದು ಹೇಳ್ರಿ" ಎಂದರು. ನಳಿಗೆ ಕೂತಾಗಿನ ಸಣ್ಣ ಸದ್ದು ಮೂರು ಸಲವೂ ಒಂದೇ. ದಪ್ಪದ್ದು ಎಂದೆ, ಅದು ಸಣ್ಣದಾಗಿತ್ತು. ಐದಾರು ಸಲ ಹೇಳಿ ಐದಾರು ಸಲವೂ ತಪ್ಪಿದೆ. ಅವರು ಖುಷಿಯಿಂದ ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ಬಾಯಿ ತೆರೆದು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಕಾಯಿದೆಯ ಪ್ರಕಾರ ಮಾಡಿದವನ ಹೆಸರು, ಊರು, ನಂಬರು ಬಂದೂಕಿನ ಮೇಲೆ ಇರಬೇಕು. ಒಡಲಿನ ಎಡಮಗ್ಗುಲಲ್ಲಿ ಅವರು ಅಕ್ಕಿಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ತಮ್ಮ ಹೆಸರು, ಕಲಬುರಗಿ, ನಂಬರು ಕೊರೆದರು. ಸರ್ಕಾರಿ ಪರೀಕ್ಷೆಗೆ ಹೋಗಿ ಪಾಸಾಗಿ ಬಂತು. ಸಾಹುಕಾರ ತೆಗೆದುಕೊಂಡು ಹೋದ. ಅಷ್ಟು ದೊಡ್ಡ ಕೆಲಸವನ್ನು ಉಸ್ತಾದರು ಮತ್ತೆ ಮಾಡಲಿಲ್ಲ, ಯಾರೂ ಮಾಡಿಸಲೂ ಇಲ್ಲ.

ಒಂಬತ್ತು ವರ್ಷ ಕಳೆದವು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸುವುದು ನಿಯಮ. ಕಮಲಾಪುರದಲ್ಲಿ ಹಾಗೆ ಬಂದ ಒಂದು ಬಂದೂಕಿನೊಳಗೆ ಹಾರಿದ ಗುಂಡಿನ ಖಾಲಿ ತೋಟೆ ಸಿಕ್ಕಿಹಾಕಿಕೊಂಡಿತ್ತು. ಬಿಡಿಸಲು ಉಸ್ತಾದರಿಗೆ ಹೇಳಿ ಕಳಿಸಿದರು. ಪಟ್ಟಿ ತರಲು ನಾನೂ ಹೋಗಬೇಕಿತ್ತು, ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು.

ಪೇದೆ ಬಂದೂಕನ್ನೂ ಅದರ ಜೊತೆ ಬಂದಿದ್ದ ಎರಡು ಬಿಡಿ ನಳಿಗೆಗಳನ್ನೂ ತಂದು ಮೇಜಿನ ಮೇಲಿಟ್ಟ. ಅವರು ಎಂದಿನಂತೆ ಕಣ್ಣು ಮುಚ್ಚಿ ಮೂಸಿದರು, ಮುಖ ಅರಳಿತು. ಊರಿಗೆ ಹೋದ ಮಗಳು ಬಂದಳೇನೋ ಎನ್ನುವಂತೆ ಹಿಡಿಯ ಮೇಲೆ ಕೈಯಾಡಿಸಿದರು. ಆಮೇಲೆ ಎಡಮಗ್ಗುಲಿಗೆ ತಿರುಗಿಸಿದರು. ಅಲ್ಲಿ ಅವರ ಹೆಸರಿರಲಿಲ್ಲ. ಊರಿರಲಿಲ್ಲ, ನಂಬರಿರಲಿಲ್ಲ. ಅದನ್ನೆಲ್ಲ ತಿಕ್ಕಿ ತೆಗೆದು, ಆ ತಗ್ಗಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಯಾವುದೋ ಪರದೇಶದ ಹೆಸರು, ಯಾವುದೋ ಬೇರೆ ನಂಬರು ಕೊರೆಸಿದ್ದರು. ಮೂರು ನಳಿಗೆಗಳ ಗತಿಯೂ ಅದೇ.

ಉಸ್ತಾದರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅರ ಹಿಡಿಯೂದು ಗೊತ್ತಿಲ್ಲದವ ತಿಕ್ಕ್ಯಾನ" ಎಂದರು, ಅಷ್ಟೇ. ತೋಟೆ ಬಿಡಿಸಿದರು, ಒಳಗೆ ಹೊರಗೆ ಒರೆಸಿದರು, ಎಣ್ಣೆ ಹಚ್ಚಿದರು, ಕಾಗದಕ್ಕೆ ಸಹಿ ಮಾಡಿ ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು, "ನಿಮ್ಮ ರಿಜಿಸ್ಟರಿನಾಗ ಮಾಡಿದವರ ಹೆಸರು ಏನಂತ ಅದ ರಾಯರ?"

ನಿಮ್ಮದೇ ಇರಬೇಕು ಎಂದೆ. ಮರುದಿನ ತೆಗೆದು ನೋಡಿದರೆ 'ವಿದೇಶಿ ತಯಾರಿಕೆ' ಎಂದಿತ್ತು. ನನ್ನ ದುಂಡನೆಯ ಅಕ್ಷರ.

ನೆನಪಾಯಿತು. ಐದಾರು ವರ್ಷದ ಹಿಂದೆ ಲೈಸೆನ್ಸು ನವೀಕರಣಕ್ಕೆ ಸಾಹುಕಾರ ತಾನೇ ಬಂದಿದ್ದ. ಅಚ್ಚುಕಟ್ಟಾಗಿ ಟೈಪ್ ಮಾಡಿಸಿದ ಅರ್ಜಿ, ಜೊತೆಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಹಣಿಗೆ. ಹಳೆಯ ಕಡತ ತೆಗೆದು ತಾಳೆ ನೋಡುವುದು ನನ್ನ ಕರ್ತವ್ಯ. ಕಡತ ಮೇಲಿನ ಕಪಾಟಿನಲ್ಲಿತ್ತು, ಏಣಿ ತರಬೇಕಿತ್ತು. ಏನು ಬರೆಯುತ್ತಿದ್ದೇನೆಂದು ಕೂಡ ನೋಡದೆ ಅರ್ಜಿಯಲ್ಲಿದ್ದದ್ದನ್ನೇ ನಕಲು ಮಾಡಿದೆ. ಬಾಳೆಹಣ್ಣು ಮನೆಗೆ ಒಯ್ದೆ, ಎಲ್ಲರೂ ತಿಂದೆವು, ರುಚಿಯಾಗಿತ್ತು. ಸಾಹುಕಾರನ ಮೇಲೆ ನನಗಿರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಹೋಗಿ ಎಲ್ಲವನ್ನೂ ಹೇಳಿದೆ. ಒಡೆದ ಕಪ್ಪನ್ನು ಮರೆಯದ ಮನುಷ್ಯ ಇನ್ನು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಅವರು, "ಕೋರ್ಟಿನಾಗ ಬಂದು ಇದನ್ನ ಹಿಂಗೇ ಹೇಳ್ರಿ. ಬಾಳಿಹಣ್ಣಿಂದೂ ಹೇಳ್ರಿ. ನಿಮಗ ಅಷ್ಟ ಶಿಕ್ಷಾ" ಎಂದರು.

ಕೋರ್ಟು ಎಂಬ ಮಾತು ಬಂದದ್ದಕ್ಕೆ ನಾನೇ ಕಾರಣ. ಬಂದೂಕಿನ ಮೇಲಿನ ಹೆಸರು ನಂಬರು ಅಳಿಸುವುದು ಅಪರಾಧ, ಒಂದು ದೂರು ಕೊಟ್ಟರೆ ಸಾಹುಕಾರ ಸಿಕ್ಕಿಬೀಳುತ್ತಾನೆ ಎಂದು ಹೇಳಿದವನು ನಾನು. ಅದರ ಜೊತೆಗೆ ಇನ್ನೊಂದನ್ನೂ ಹೇಳಿದೆ. ಬಂದೂಕು ಜಪ್ತಿಯಾಗುತ್ತದೆ. ಅಪರಾಧ ಸಾಬೀತಾದರೆ ವಾಪಸು ಯಾರಿಗೂ ಬರುವುದಿಲ್ಲ, ನಾಶ ಮಾಡುತ್ತಾರೆ. ಅವನನ್ನು ಕೆಡವಬೇಕೆಂದರೆ ಅದನ್ನೂ ಕಳೆದುಕೊಳ್ಳಬೇಕು.

"ಮೊದಲ ಅವನಿಗೆ ಒಂದು ಸಲ ಕೇಳೋಣು" ಎಂದರು.

ಕಮಲಾಪುರದ ಅವನ ಮನೆಗೆ ಇಬ್ಬರೂ ಹೋದೆವು. ಸೋಫಾದ ಮೇಲೆ ಕೂರಿಸಿದ, ಹಣ್ಣಿನ ತಟ್ಟೆ ಮುಂದಿಟ್ಟ. ಉಸ್ತಾದರು ಮುಟ್ಟಲಿಲ್ಲ. ನಾನಂತೂ ಆ ಹಣ್ಣಿನ ಕಡೆ ನೋಡಲೇ ಇಲ್ಲ.

"ಸಾವಕಾರ್ರ, ನನ್ನ ಹೆಸರು ಯಾಕ ಅಳಸಿದ್ರಿ?"

ಅವನು ಮುಜುಗರಪಡಲಿಲ್ಲ. "ಹೆಸರಿನಾಗ ಏನದ ಉಸ್ತಾದ? ಮಾಲು ಛಲೋ ಅದಲ್ಲ, ಖುಷಿ ಪಡ್ರಿ. ಕ್ಲಬ್ಬಿನಾಗ ಮೋಮಿನಪುರದ್ದು ಅಂದ್ರ ಯಾರು ಕೈಯಾಗ ಹಿಡೀತಾರ? ಪರದೇಶದ್ದು ಅಂದೆ, ಎಲ್ಲಾರೂ ನಿಂತು ನೋಡಿದ್ರು. ನಿಮ್ಮ ಕೆಲಸಕ್ಕ ಮರ್ಯಾದಿ ಸಿಕ್ಕಿದ್ದು ನನ್ನಿಂದ."

"ಮತ್ತ ನನ್ನ ಹೆಸರು ಹಾಕಿಸ್ತೀರಿ?"

"ಹುಚ್ಚರಂಗ ಮಾತಾಡಬ್ಯಾಡ್ರಿ. ಈಗ ಹಾಕಿದ್ರ ನನ್ನ ಮಾನ ಎಲ್ಲುಳೀತದ?"

ಉಸ್ತಾದರು ಎದ್ದರು. "ಛಲೋ ಆತು, ಕೇಳಿದ್ದು ಛಲೋ ಆತು" ಎಂದರು. ಅಂದೇ ದೂರಿನ ಕಾಗದ ಬರೆಸಿದರು. ಬರೆದವನು ನಾನು. ಅಷ್ಟು ಚೆನ್ನಾಗಿ ನಾನು ಯಾವ ಸರ್ಕಾರಿ ಪತ್ರವನ್ನೂ ಬರೆದಿಲ್ಲ.

ಬಂದೂಕು ಜಪ್ತಿಯಾಯಿತು. ನನಗೆ ಕಚೇರಿಯಿಂದ ನೋಟೀಸು ಬಂತು, ಬಡ್ತಿ ನಿಂತಿತು. ಕೇಸು ಎಲ್ಲ ಕೇಸುಗಳ ಹಾಗೆ ನಡೆಯಿತು. ಆ ವರ್ಷಗಳಲ್ಲಿ ಉಸ್ತಾದರಿಗೆ ಒಂದೇ ಚಿಂತೆ. ಜಪ್ತಿ ಕೋಣೆಯಲ್ಲಿ ಅದಕ್ಕೆ ಎಣ್ಣೆ ಹಾಕುವವರು ಯಾರು? ಮಳೆಗಾಲ ಬಂದಾಗಲೆಲ್ಲ ನನ್ನಿಂದ ಅರ್ಜಿ ಬರೆಸುವರು: ಮಾಲಿಗೆ ಎಣ್ಣೆ ಹಚ್ಚಲು ಅನುಮತಿ ಕೊಡಬೇಕಾಗಿ ವಿನಂತಿ. ಸಾಕ್ಷಿಯೇ ಮಾಲನ್ನು ಮುಟ್ಟುವಂತಿಲ್ಲ ಎಂದು ಪ್ರತಿ ಸಲವೂ ಉತ್ತರ ಬರುತ್ತಿತ್ತು. ಜೋರು ಮಳೆ ಬಂದ ದಿನ ಅವರು ಕೆಲಸ ನಿಲ್ಲಿಸಿ ಆಕಾಶವನ್ನೇ ಬೈಯುತ್ತಿದ್ದರು.

ಸಾಕ್ಷಿ ಹೇಳುವ ಹಿಂದಿನ ದಿನ ಸಾಹುಕಾರ ಅಂಗಡಿಗೆ ಬಂದ. ನಾನೂ ಇದ್ದೆ. ಈ ಸಲ ದನಿ ಮೆತ್ತಗಿತ್ತು. "ಇದು ನಾ ಮಾಡಿದ್ದಲ್ಲ, ಗುರ್ತು ಸಿಗವಲ್ದು ಅಂತ ಹೇಳಿಬಿಡ್ರಿ ಉಸ್ತಾದರ. ಕೇಸು ಬೀಳ್ತದ, ಬಂದೂಕು ಉಳೀತದ. ಆಮ್ಯಾಲ ನಿಮ್ಮ ಹೆಸರು ಬೆಳ್ಳಿಯಾಗ ಬರಸ್ತೀನಿ."

ಬಂದೂಕು ಉಳಿಯುತ್ತದೆ ಎಂಬ ಮಾತು ಅವರನ್ನು ಎಲ್ಲಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಉಸ್ತಾದರು ಕೈಯಲ್ಲಿದ್ದ ಅರವನ್ನು ಬಟ್ಟೆಯಿಂದ ಒರೆಸಿ ಕೆಳಗಿಟ್ಟರು.

"ಆವಾಗ ಕೇಳಿದ್ದೆ, ಕೊಡಲಿಲ್ಲ. ಈಗ ಬರಸಿದ್ರ ಅದು ನಿಮ್ಮ ಮೆಹರಬಾನಿ ಆಗ್ತದ. ನಡೀರಿ."

ಮರುದಿನ ಕಟಕಟೆಯಲ್ಲಿ ನಾನು ಬಾಳೆಹಣ್ಣಿನ ಸಮೇತ ನನ್ನ ತಪ್ಪು ಒಪ್ಪಿಕೊಂಡೆ. ಹಳೆಯ ಕಡತವನ್ನೂ ತೋರಿಸಿದೆ. ಸಾಹುಕಾರನ ವಕೀಲರು ಒಂದೇ ಪಟ್ಟು ಹಿಡಿದರು. ಕಡತದಲ್ಲಿರುವುದು ಯಾವುದೋ ಬೇರೆ ಬಂದೂಕು. ಇದು ಅದೇ ಎಂದು ಹೇಳಲು ನಂಬರೆಲ್ಲಿದೆ? ಆಮೇಲೆ ಉಸ್ತಾದರ ಕಡೆ ತಿರುಗಿದರು. ಮೇಜಿನ ಮೇಲಿದ್ದ ಬಂದೂಕನ್ನು ತೋರಿಸಿ, "ಇಂಥಾ ಕೆಲಸ ಮೋಮಿನಪುರದ ಗಲ್ಲಿಯಾಗ ಆಗ್ತದಂದ್ರ ಯಾರು ನಂಬತಾರ? ದೊಡ್ಡ ಕಾರ್ಖಾನಿ ಮಾಲು ಇದು. ಇದ್ರಾಗ ಒಂದ ತಪ್ಪು ಹುಡುಕಿದ್ರ ಸಿಗಂಗಿಲ್ಲ" ಎಂದರು.

"ಅದ ರೀ" ಎಂದರು ಉಸ್ತಾದರು.

"ಏನು ಅದ?"

"ತಪ್ಪು ಅದ."

ಅವರು ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟು ವರ್ಷ ಬಲ್ಲ ನನಗೂ ಗೊತ್ತಿರದ ಮಾತು ಅದು. "ಹಿಡಿಯ ಹಿಂದಿನ ತಗಡು ಬಿಚ್ಚಿ ನೋಡ್ರಿ ಸಾಹೇಬ್ರ. ಒಳಗ ಬಲಕ್ಕ ಹುಣಚಿ ಬೀಜದಷ್ಟು ಕಟಗಿ ಕೂಡಿಸೀನಿ. ನನ್ನ ಉಳಿ ಜಾರಿತ್ತು. ಮೈಯಾಗ ಜ್ವರ ಇತ್ತು, ಆದರೂ ಕೆಲಸಕ್ಕ ಕೂತಿದ್ದೆ. ಹೊಸಾ ಕಟಗಿ ತಗೋಬೇಕಾಗಿತ್ತು, ತಗೊಳ್ಳಲಿಲ್ಲ, ಮುಚ್ಚಿಬಿಟ್ಟೆ. ಯಾರಿಗೂ ಹೇಳಿಲ್ಲ, ಈ ರಾಯರಿಗೂ ಹೇಳಿಲ್ಲ." ಕೊನೆಯ ಮಾತು ಹೇಳುವಾಗ ಅವರ ಕಿವಿಗಳು ಕೆಂಪಗಾಗಿದ್ದವು.

ತಗಡು ಬಿಚ್ಚಿದರು. ನ್ಯಾಯಾಧೀಶರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಹೇಳಿದ ಜಾಗದಲ್ಲಿ, ಹೇಳಿದಷ್ಟೇ ದೊಡ್ಡ ತುಂಡು ಇತ್ತು. ನಾನು ಸಾಹುಕಾರನ ಮುಖವನ್ನೇ ನೋಡುತ್ತಿದ್ದೆ. ಅವನು ತಲೆ ತಗ್ಗಿಸಿದ. ಆ ಕ್ಷಣ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಮಗನ ಮದುವೆಯ ದಿನವೂ ನನಗೆ ಅಷ್ಟು ಸುಖವಾಗಿರಲಿಲ್ಲ.

ಸಾಹುಕಾರನಿಗೆ ಶಿಕ್ಷೆಯಾಯಿತು, ಲೈಸೆನ್ಸು ರದ್ದಾಯಿತು. ಬಂದೂಕನ್ನು ನಾಶಪಡಿಸಲು ಆದೇಶವಾಯಿತು. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ. ಒಂದು ಬೆಳಿಗ್ಗೆ ಉಸ್ತಾದರು ಫೋನು ಮಾಡಿ ಇನ್ನೊಂದು ಅರ್ಜಿ ಬರೆಯಬೇಕು ಎಂದರು. ತಾವೇ ಅದನ್ನು ಕೊಯ್ಯಲು ಅನುಮತಿ ಬೇಕಂತೆ. ಪೊಲೀಸರು ಆಚೀಚೆ ಕೇಳಿ ಕೊನೆಗೆ ಒಪ್ಪಿದರು. ಲೈಸೆನ್ಸಿನ ಕಾರೀಗರ, ಯಂತ್ರದವನನ್ನು ಕರೆಸುವ ಕಷ್ಟ ತಪ್ಪಿತು. ನಾನು ಸಾಕ್ಷಿಗೆ ನಿಲ್ಲುವ ಪಂಚನಾಗಿ ಹೋದೆ.

ಪೊಲೀಸರ ಶೆಡ್ಡಿನಲ್ಲಿ ಬಿಗಿಹಿಡಿಯುವ ಇಕ್ಕಳವಿತ್ತು. ಅದರ ಹಲ್ಲು ತಾಗಿ ಗೆರೆ ಬೀಳಬಾರದೆಂದು ಅವರು ಎರಡು ಕಡೆ ತೊಗಲಿನ ತುಂಡು ಇಟ್ಟು ನಳಿಗೆಯನ್ನು ಬಿಗಿದರು. ತುಕ್ಕು ಹಿಡಿದಿತ್ತು, ಮೊದಲು ಅದನ್ನು ಒರೆಸಿದರು. ಆಮೇಲೆ ಗರಗಸ. ಒಂದೊಂದು ನಳಿಗೆ ಮೂರು ತುಂಡು, ಒಡಲು ಎರಡು ತುಂಡು. ಒಂದು ಗೆರೆಯೂ ಸೊಟ್ಟ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಅರ ತೆಗೆದು ಕೊಯ್ದ ಅಂಚುಗಳನ್ನೆಲ್ಲ ನುಣ್ಣಗೆ ತಿಕ್ಕತೊಡಗಿದರು.

ಪೇದೆ ನಕ್ಕ. "ಕರಗಿಸೂ ಮಾಲಿಗೆ ಇದೇನ್ ಉಪಚಾರ ಉಸ್ತಾದ?"

"ಎತ್ತಿಡಾವರ ಕೈ ಕೊಯ್ಯಬಾರದಲ್ಲ" ಎಂದರು.

ನಾನು ಪಂಚನಾಮೆ ಬರೆದೆ. ಅದರಲ್ಲಿ ಮಾಡಿದವರ ಹೆಸರು ಬರುವ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಆಟೋದಲ್ಲಿ ಮೋಮಿನಪುರಕ್ಕೆ ಬರುವಾಗ ತಡೆಯಲಾಗದೆ ಕೇಳಿದೆ, "ಸಂಕಟ ಆಗವಲ್ದೇನ್ರಿ?"

"ಹೊಟ್ಯಾಗ ಕೆಂಡ ಇಟ್ಟಂಗ ಆಗ್ಯದ ರಾಯರ. ದಿನಾ ಆಗ್ತದ ಇನ್ನ. ಆದ್ರ ಅದು ನಾಳೆ ಜೋಡಿಸಿಕೊಂಡು ಮತ್ತ ಅವನ ಮನಿಗೆ ಹೋತಂದ್ರ, ಮತ್ತ ತಂದು ಕೊಯ್ತೀನಿ."

ಮರುವಾರ ಪಂಚನಾಮೆಯ ನಕಲು ತೆಗೆಸಿ ಕಮಲಾಪುರದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ತಲುಪಿದ ಚೀಟಿ ಸಾಹುಕಾರನ ಸಹಿಯೊಂದಿಗೆ ವಾಪಸು ಬಂತು. ಆ ಸಹಿಯನ್ನು ಅವರು ನಳಿಗೆಯ ಬುಡ ನೋಡುವಂತೆ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ತಗೊಂಡಾನ" ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು.

ಈಗ ರಿಜಿಸ್ಟರ್ಡ್ ಅಂಚೆ ಇಲ್ಲವಂತೆ. ಈ ಬರಹವನ್ನು ಅದೇ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಹಿ ಮಾಡಿ ತೆಗೆದುಕೊಳ್ಳಲಿ.